ಅಡ್ವಾಂಟೇಜ್ ಯಾರದ್ದು?

ಆಫೀಸಿನ ಯಾವ ಮೀಟಿಂಗಿಗೆ ಹೋಗಿ ಕೂತರೂ ಕಿವಿಗೆ ಬೀಳುವ ಪದ ಅಡ್ವಾಂಟೇಜ್. ಅನುಕೂಲ, ಲಾಭ ಅಂತ ಕನ್ನಡದಲ್ಲಿ ಅರ್ಥ ಹೇಳಿಕೊಂಡು ಸುಮ್ಮನಾಗ್ತೀವಿ. ಆದರೆ ಈ ಪದದ, ಇದರ ನೆಂಟರಿಷ್ಟರ ಹುಟ್ಟು ಕೆದಕಿದರೆ ಸ್ವಾರಸ್ಯದ ಕಥೆಗಳಿವೆ.

ಲ್ಯಾಟಿನ್ನಿನಲ್ಲಿ 'ಆಂತೆ' ಅಂದರೆ ಮುಂದೆ. ಅದರ ಹಿಂದೆ 'ಅಬ್' ಸೇರಿ ಫ್ರೆಂಚಿನಲ್ಲಿ 'ಅವಾಂ' ಆಯಿತು, ಅದರಿಂದ 'ಅವಾಂತಾಜ್' ಹುಟ್ಟಿತು. ಬೇರೆಯವರಿಗಿಂತ ಮುಂದಿರೋದು ಅಂತ ಅದರರ್ಥ. ಇಂಗ್ಲಿಷಿಗೆ ಬಂದಾಗಲೂ ಇದರಲ್ಲಿ 'ಡಿ' ಅಕ್ಷರ ಇರಲೇ ಇಲ್ಲ! ಪದದ ಮೂಲ ಲ್ಯಾಟಿನ್ನಿನ 'ಅಡ್' ಅಂತ ತಪ್ಪು ತಿಳಿದ ಓದುಬಲ್ಲವರು, ಸ್ಪೆಲಿಂಗ್ ತಿದ್ದಲು ಹೋಗಿ ಇಲ್ಲದ 'ಡಿ'ಯನ್ನು ತುರುಕಿದರು. 'ಅಡ್ವಾನ್ಸ್' ಪದಕ್ಕೂ ಇದೇ ಗತಿ. ಬೆಂಗಳೂರಿನಲ್ಲಿ ಮನೆ ಮಾಲೀಕರಿಗೆ ಹತ್ತು ತಿಂಗಳ ಅಡ್ವಾನ್ಸ್ ಕೊಡುವಾಗ, ಅದರೊಳಗಿನ 'ಡಿ' ಕೂಡ ಯಾರೋ ಸುಮ್ಮನೆ ಸೇರಿಸಿದ್ದು ಅಂತ ನೆನಪಿಸಿಕೊಳ್ಳಿ.

ಇನ್ನು ಪ್ರಿವಿಲೇಜ್. ಲ್ಯಾಟಿನ್ನಿನಲ್ಲಿ 'ಪ್ರೀವುಸ್' ಅಂದರೆ ಒಬ್ಬಂಟಿ, ಬಿಡಿ. 'ಲೆಕ್ಸ್' ಅಂದರೆ ಕಾನೂನು. ಅಂದರೆ ಒಬ್ಬ ವ್ಯಕ್ತಿಯನ್ನೇ ಗುರಿಯಾಗಿಟ್ಟು ಮಾಡಿದ ಕಾನೂನು. ಹಳೇ ರೋಮಿನಲ್ಲಿ ಇದು ವರವಲ್ಲ, ಶಾಪ. ಕ್ರಿಸ್ತಪೂರ್ವ 58ರಲ್ಲಿ ವಾಗ್ಮಿ ಸಿಸೆರೋನ ಮೇಲೆ ಅವನ ವೈರಿ ಕ್ಲೋಡಿಯಸ್ ಇಂಥದ್ದೇ ಕಾನೂನು ತಂದು ಗಡೀಪಾರು ಮಾಡಿಸಿದ. ಮರುವರ್ಷ ವಾಪಸ್ ಬಂದ ಸಿಸೆರೋ, ಒಬ್ಬನ ಮೇಲೆ ಹೀಗೆ ಕಾನೂನು ಮಾಡುವುದನ್ನು ರೋಮಿನ ಪುರಾತನ ಶಾಸನಗಳೇ ನಿಷೇಧಿಸಿವೆ ಅಂತ ವಾದಿಸಿದ. ಕಾಲ ಕಳೆದಂತೆ ಶಾಪ ಹೋಗಿ, ಕೆಲವರಿಗೆ ಮಾತ್ರ ಸಿಗುವ ಸವಲತ್ತು ಅನ್ನುವ ಅರ್ಥ ಉಳಿಯಿತು.

ಇದರ ಉಲ್ಟಾ ಪಯಣ ಹ್ಯಾಂಡಿಕ್ಯಾಪ್ ಪದದ್ದು. ಭಿಕ್ಷುಕರು ಟೋಪಿ ಒಡ್ಡೋದರಿಂದ ಈ ಪದ ಬಂತು ಅಂತ ಹೇಳೋರಿದ್ದಾರೆ. ಅದು ಕಟ್ಟುಕಥೆ. ನಿಜವಾಗಿ ಇದು 17ನೇ ಶತಮಾನದ ಇಂಗ್ಲೆಂಡಿನ ಒಂದು ಆಟ, 'ಹ್ಯಾಂಡ್ ಇನ್ ಕ್ಯಾಪ್'. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಕಡಿಮೆ ಬೆಲೆಯ ವಸ್ತುವಿನವನು ಮೇಲೆಷ್ಟು ದುಡ್ಡು ಕೊಡಬೇಕು ಅಂತ ಮಧ್ಯಸ್ಥನೊಬ್ಬ ತೀರ್ಮಾನಿಸುತ್ತಿದ್ದ. ಒಪ್ಪಿಗೆಯೋ ಇಲ್ಲವೋ ಅನ್ನೋದನ್ನು ಟೋಪಿಯೊಳಗೆ ಕೈ ಹಾಕಿ ತೆಗೆದು ತೋರಿಸಬೇಕಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರ ತನ್ನ ದಿನಚರಿಯಲ್ಲಿ ಈ ಆಟದ ಪ್ರಸ್ತಾಪ ಮಾಡಿದ್ದಾನೆ.

18ನೇ ಶತಮಾನದಲ್ಲಿ ಪದ ಕುದುರೆ ರೇಸಿಗೆ ಹೋಯಿತು. ಅಲ್ಲಿ ಮಧ್ಯಸ್ಥ ಮಾಡುತ್ತಿದ್ದುದು ಇಷ್ಟೇ: ಜೋರಾಗಿ ಓಡುವ ಕುದುರೆಯ ಮೇಲೆ ಹೆಚ್ಚು ಭಾರ ಹೇರೋದು, ಉಳಿದವಕ್ಕೂ ಗೆಲ್ಲುವ ಅವಕಾಶ ಇರಲಿ ಅಂತ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಈಗಲೂ ಹ್ಯಾಂಡಿಕ್ಯಾಪ್ ರೇಸುಗಳು ನಡೆಯುತ್ತವೆ. ಅಂದರೆ ಹ್ಯಾಂಡಿಕ್ಯಾಪ್ ಅನ್ನೋದು ಬಲಶಾಲಿಯ ಬೆನ್ನಿಗೆ ಹೇರುತ್ತಿದ್ದ ಭಾರ! ಆಮೇಲೆ ಪದಕ್ಕೆ ಬರೀ 'ಭಾರ', 'ಅಡ್ಡಿ' ಅನ್ನುವ ಅರ್ಥ ಅಂಟಿಕೊಂಡಿತು. 20ನೇ ಶತಮಾನದ ಹೊತ್ತಿಗೆ ಅದನ್ನು ಅಂಗವೈಕಲ್ಯ ಇರುವವರ ಮೇಲೆ ಹೊರಿಸಲಾಯಿತು. ಅವರಿಗೆ ನೋವಾಗುತ್ತದೆ ಅಂತ ಈಗ ಆ ಬಳಕೆಯನ್ನು ಕೈಬಿಡುತ್ತಿದ್ದೇವೆ.

ನೋಡಿ ಎಂಥ ವಿಚಿತ್ರ. ಒಬ್ಬನನ್ನು ಹೊರಗಟ್ಟಲು ಹುಟ್ಟಿದ ಪದ ಉಳ್ಳವರ ಸವಲತ್ತಾಯಿತು, ಓಟ ಸಮವಾಗಿರಲಿ ಅಂತ ಬಂದ ಪದ ಇಲ್ಲದವರ ಹಣೆಪಟ್ಟಿಯಾಯಿತು. ಅಡ್ವಾಂಟೇಜ್ ಪದವೊಂದೇ ಇನ್ನೂ ಸತ್ಯ ಹೇಳುತ್ತಿದೆ. ಅದು 'ಮುಂದಿದ್ದಾನೆ' ಅನ್ನುತ್ತದೆಯೇ ಹೊರತು 'ಜೋರಾಗಿ ಓಡಿದ' ಅನ್ನೋದಿಲ್ಲ.

ಮುಂದಿನ ಸಲ ಇಂಟರ್‌ವ್ಯೂಗೆ ಬಂದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ತಡವರಿಸಿದಾಗ, 'ಕಮ್ಯುನಿಕೇಶನ್ ವೀಕು' ಅಂತ ಬರೆಯೋಕೆ ಮುಂಚೆ ಒಂದು ಕ್ಷಣ ಯೋಚಿಸೋಣ. ಅವಳು ಎಲ್ಲಿಂದ ಓಡಲು ಶುರು ಮಾಡಿದಳು? ನಾವು ಎಲ್ಲಿಂದ?