ಉಳಿಯುವ ಸಂಸ್ಥೆ, ಅಳಿಯುವ ಸಂಸ್ಥೆ: ಕೊಡಕ್ ಮತ್ತು ಫ್ಯೂಜಿ ಉದ್ದಿಮೆಗಳ ಚರಿತ್ರೆಯಿಂದ ಒಂದು ವಿಚಾರ

ತಂತ್ರಜ್ಞಾನವನ್ನು ಆಶ್ರಯಿಸಿದ ಉದ್ದಿಮೆಗಳಲ್ಲಿ ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಯಾವುದು ಏಳಿಗೆ ಹೊಂದೀತು, ಯಾವುದು ಹೇಳಹೆಸರಿಲ್ಲದಂತಾದೀತು ಎಂಬ ಪ್ರಶ್ನೆಯನ್ನು ಇಂದು ಹಣ ಹೂಡುವವರು ಮಾತ್ರವಲ್ಲ, ಪದವಿ ಮುಗಿಸಿ ಕೆಲಸಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳೂ ಕೇಳುತ್ತಿದ್ದಾರೆ. ಭವಿಷ್ಯವನ್ನು ನುಡಿಯುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಹಿಂದೆ ಇಂಥ ಭವಿಷ್ಯಗಳನ್ನು ಹೇಗೆ ನುಡಿಯಲಾಯಿತು, ಅವು ಎಷ್ಟರಮಟ್ಟಿಗೆ ಫಲಿಸಿದವು, ಫಲಿಸಿದಾಗ ಅವುಗಳಿಂದ ಪ್ರಯೋಜನವಾಯಿತೇ ಎಂಬುದನ್ನು ಪರಿಶೀಲಿಸುವುದು ಅವನ ಕೆಲಸವೇ ಸರಿ. ಪ್ರಕೃತ ಲೇಖನದಲ್ಲಿ ಛಾಯಾಚಿತ್ರದ ಫಿಲ್ಮ್ ತಯಾರಿಸುತ್ತಿದ್ದ ಎರಡು ದೊಡ್ಡ ಸಂಸ್ಥೆಗಳನ್ನು, ಎಂದರೆ ಅಮೆರಿಕದ ಕೊಡಕ್ ಮತ್ತು ಜಪಾನಿನ ಫ್ಯೂಜಿ ಸಂಸ್ಥೆಗಳನ್ನು, ಈ ದೃಷ್ಟಿಯಿಂದ ಹೋಲಿಸಿ ನೋಡಲಾಗಿದೆ.

ಕೊಡಕ್ ಸಂಸ್ಥೆಯ ಮೂಲ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರ. ಅಲ್ಲಿ ಜಾರ್ಜ್ ಈಸ್ಟ್‌ಮನ್ ಎಂಬಾತನು 1888ರಲ್ಲಿ 25 ಡಾಲರು ಬೆಲೆಯ ಒಂದು ಕ್ಯಾಮರಾವನ್ನು ಮಾರಾಟಕ್ಕೆ ತಂದನು. ಅದರಲ್ಲಿ ನೂರು ಚಿತ್ರಗಳಿಗೆ ಸಾಲುವಷ್ಟು ಫಿಲ್ಮ್ ಇರುತ್ತಿತ್ತು. ಚಿತ್ರಗಳು ಮುಗಿದ ಮೇಲೆ ಗ್ರಾಹಕನು ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸುತ್ತಿದ್ದನು. ಸಂಸ್ಥೆಯವರು ಚಿತ್ರಗಳನ್ನು ಅಚ್ಚುಮಾಡಿ, ಹೊಸ ಫಿಲ್ಮ್ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಒಂದೇ ಡಾಲರಿಗೆ ದೊರೆಯುವ ಬ್ರೌನಿ ಕ್ಯಾಮರಾ ಬಂದಿತು. ಕ್ಯಾಮರಾವನ್ನು ಅಗ್ಗವಾಗಿ ಕೊಟ್ಟು, ಫಿಲ್ಮ್, ರಾಸಾಯನಿಕ ಮತ್ತು ಕಾಗದಗಳ ಮಾರಾಟದಿಂದ ಲಾಭ ಪಡೆಯುವ ಈ ಕ್ರಮವೇ ಸುಮಾರು ಒಂದು ಶತಮಾನ ಕಾಲ ಕೊಡಕ್‌ಗೆ ಆಧಾರವಾಗಿತ್ತು. 1980ರ ದಶಕದ ಆರಂಭದಲ್ಲಿ ರಾಚೆಸ್ಟರ್ ಒಂದರಲ್ಲಿಯೇ ಸುಮಾರು 60,000 ಮಂದಿ ಈ ಸಂಸ್ಥೆಯಲ್ಲಿ ದುಡಿಯುತ್ತಿದ್ದರು.

ಇಂಥ ಸಂಸ್ಥೆ 2012ರ ಜನವರಿಯಲ್ಲಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯವನ್ನು ಸೇರಿತು. ಡಿಜಿಟಲ್ ಛಾಯಾಗ್ರಹಣ ಬರುವುದನ್ನು ಕಾಣದೆ ಅದು ಮೈಮರೆತು ಕುಳಿತಿತೆಂಬುದು ಜನಜನಿತವಾದ ವಿವರಣೆ. ಆದರೆ ಸಂಗತಿಗಳು ಈ ಮಾತನ್ನು ಸಮರ್ಥಿಸುವುದಿಲ್ಲ. ಫಿಲ್ಮ್ ಇಲ್ಲದೆ ಚಿತ್ರ ತೆಗೆಯುವ ಡಿಜಿಟಲ್ ಕ್ಯಾಮರಾವನ್ನು 1975ರಲ್ಲಿ ನಿರ್ಮಿಸಿದವನು ಸ್ಟೀವನ್ ಸ್ಯಾಸನ್. ಅವನು ಕೊಡಕ್‌ನ ಎಂಜಿನಿಯರನೇ. ಆ ಯಂತ್ರ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. 1981ರಲ್ಲಿ ಸೋನಿ ಸಂಸ್ಥೆ ತನ್ನ ವಿದ್ಯುನ್ಮಾನ ಕ್ಯಾಮರಾವನ್ನು ಪ್ರಕಟಿಸಿದಾಗ ಕೊಡಕ್‌ನ ಮಾರುಕಟ್ಟೆ ಸಂಶೋಧನೆಯ ಮುಖ್ಯಸ್ಥನಾದ ವಿನ್ಸೆಂಟ್ ಬರಾಬ್ಬಾ ಈ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದನು. ಡಿಜಿಟಲ್ ವಿಧಾನವು ಫಿಲ್ಮಿನ ಸ್ಥಾನವನ್ನು ಆಕ್ರಮಿಸಬಲ್ಲದು, ಆದರೆ ಸಿದ್ಧತೆಗೆ ಸುಮಾರು ಹತ್ತು ವರ್ಷಗಳ ಅವಕಾಶವಿದೆ ಎಂಬುದು ಅವನ ನಿರ್ಣಯ. ಕಾಲವು ಈ ಭವಿಷ್ಯವನ್ನು ಬಹುಮಟ್ಟಿಗೆ ನಿಜಮಾಡಿತು. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮರಾ ಮಾರಾಟದಲ್ಲಿ ಕೊಡಕ್ ಮೊದಲನೆಯ ಸ್ಥಾನದಲ್ಲಿಯೂ ಇದ್ದಿತು. ಅಂದಮೇಲೆ ತಿಳಿವಳಿಕೆಯ ಅಭಾವದಿಂದ ಆ ಸಂಸ್ಥೆ ಬಿದ್ದಿತೆನ್ನಲಾಗದು. ಮುಂದಾಗುವುದನ್ನು ಸರಿಯಾಗಿ ಊಹಿಸಿಯೂ ಅದು ಬಿದ್ದಿತು. ನಮ್ಮ ವಿಚಾರಕ್ಕೆ ಮುಖ್ಯವಾದ ಅಂಶ ಇದೇ.

ಇದರ ಕಾರಣವನ್ನು ಲಾಭದ ಮೂಲದಲ್ಲಿ ಹುಡುಕಬೇಕು. ಫಿಲ್ಮ್ ಒಮ್ಮೆ ಬಳಸಿದರೆ ತೀರಿಹೋಗುವ ವಸ್ತು; ಪ್ರತಿಯೊಂದು ಮದುವೆ, ಪ್ರತಿಯೊಂದು ಪ್ರವಾಸ ಅದರ ಬೇಡಿಕೆಯನ್ನು ಹೊಸದಾಗಿ ಹುಟ್ಟಿಸುತ್ತಿತ್ತು. ಡಿಜಿಟಲ್ ಕ್ಯಾಮರಾ ಹಾಗಲ್ಲ. ಅದನ್ನು ಕೊಂಡವನು ಪುನಃ ಅಂಗಡಿಗೆ ಬರಬೇಕಾಗಿಲ್ಲ. ಹೊಸ ಯಂತ್ರವನ್ನು ಎಷ್ಟು ಮಾರಿದರೂ ಹಳೆಯ ಫಿಲ್ಮಿನ ಲಾಭ ಅದರಿಂದ ಹುಟ್ಟಲಿಲ್ಲ. ಸಾಲದುದಕ್ಕೆ ಈ ಹೊಸ ಯಂತ್ರವೇ ಬಹುಕಾಲ ನಿಲ್ಲಲಿಲ್ಲ. ಜಗತ್ತಿನಲ್ಲಿ ಡಿಜಿಟಲ್ ಕ್ಯಾಮರಾಗಳ ರವಾನೆ 2010ರಲ್ಲಿ 12 ಕೋಟಿಯನ್ನು ಮೀರಿದ್ದುದು, ಮೊಬೈಲ್ ಫೋನಿನಲ್ಲಿಯೇ ಒಳ್ಳೆಯ ಕ್ಯಾಮರಾ ಸೇರಿಕೊಂಡ ಮೇಲೆ, 2020ರ ವೇಳೆಗೆ ಒಂದು ಕೋಟಿಗಿಂತ ಕೆಳಗಿಳಿಯಿತು. ಫಿಲ್ಮಿನ ಅಂತ್ಯವನ್ನು ಕಂಡಿದ್ದವರಿಗೆ ಅದರ ಉತ್ತರಾಧಿಕಾರಿಯ ಅಲ್ಪಾಯುಷ್ಯ ಕಂಡಿರಲಿಲ್ಲ.

1934ರಲ್ಲಿ ಸ್ಥಾಪಿತವಾದ ಫ್ಯೂಜಿ ಸಂಸ್ಥೆಯೂ ಇದೇ ಸಂಕಟವನ್ನು ಎದುರಿಸಿತು. 2000ದಲ್ಲಿ ಅದರ ಅಧ್ಯಕ್ಷನಾದ ಶಿಗೆತಾಕ ಕೊಮೊರಿಯ ಕಾಲದಲ್ಲಿ ಅಲ್ಲಿ ಕೇಳಿದ ಪ್ರಶ್ನೆಯ ಸ್ವರೂಪವೇ ಬೇರೆಯಾಯಿತು. ಫಿಲ್ಮಿಗೆ ಬದಲಾಗಿ ಯಾವ ಕ್ಯಾಮರಾ ಎಂದು ಮಾತ್ರ ಯೋಚಿಸದೆ, ಫಿಲ್ಮ್ ಮಾಡುತ್ತ ನಾವು ಕಲಿತ ವಿದ್ಯೆ ಯಾವುದು, ಅದು ಮತ್ತೆಲ್ಲಿ ಉಪಯೋಗಕ್ಕೆ ಬಂದೀತು ಎಂದು ಅವರು ವಿಚಾರಮಾಡಿದರು. ಫಿಲ್ಮಿನ ತಳಹದಿಯಾಗಿದ್ದ ಸೆಲ್ಯುಲೋಸ್ ಹಾಳೆ ದೂರದರ್ಶನ ಹಾಗೂ ಕಂಪ್ಯೂಟರುಗಳ ಎಲ್‌ಸಿಡಿ ಪರದೆಗಳಿಗೆ ಬೇಕಾಗಿತ್ತು. ಫಿಲ್ಮಿನಲ್ಲಿ ಬಳಸುವ ಜೆಲಟಿನ್ ಕೊಲಾಜೆನ್‌ನಿಂದ ಬರುವುದು. ನಮ್ಮ ಚರ್ಮದ ಮುಖ್ಯ ಘಟಕವೂ ಕೊಲಾಜೆನ್ನೇ. ಈ ಪರಿಚಯದ ಬಲದಿಂದ 2007ರಲ್ಲಿ ಅಸ್ಟಾಲಿಫ್ಟ್ ಎಂಬ ಪ್ರಸಾಧನ ಸಾಮಗ್ರಿ ಹೊರಬಂದಿತು. 2008ರಲ್ಲಿ ತೊಯಾಮಾ ಎಂಬ ಔಷಧ ಸಂಸ್ಥೆ ಫ್ಯೂಜಿಯ ವಶಕ್ಕೆ ಬಂದಿತು.

ಹಾಗಾದರೆ ಕೊಡಕ್‌ಗೆ ಇಂಥ ವಿದ್ಯೆ ಇರಲಿಲ್ಲವೇ? ಖಂಡಿತವಾಗಿ ಇದ್ದಿತು. ಫಿಲ್ಮಿಗೆ ಬೇಕಾದ ರಾಸಾಯನಿಕಗಳಿಗಾಗಿ 1920ರಲ್ಲಿ ಟೆನೆಸೀ ಸಂಸ್ಥಾನದ ಕಿಂಗ್ಸ್‌ಪೋರ್ಟ್‌ನಲ್ಲಿ ಸ್ಥಾಪಿಸಿದ್ದ ಶಾಖೆಯನ್ನು ಕೊಡಕ್ 1994ರಲ್ಲಿ ತನ್ನಿಂದ ಬೇರ್ಪಡಿಸಿತು. ಈಸ್ಟ್‌ಮನ್ ಕೆಮಿಕಲ್ ಎಂಬ ಹೆಸರಿನ ಆ ಶಾಖೆ ಇಂದಿಗೂ ದೊಡ್ಡ ಉದ್ದಿಮೆಯಾಗಿ ನಡೆಯುತ್ತಿದೆ. ಬೇರ್ಪಟ್ಟ ಅಂಗ ಬೆಳೆಯಿತು; ಮೂಲ ದೇಹವು 2013ರಲ್ಲಿ ದಿವಾಳಿಯಿಂದ ಬಹಳ ಕಿರಿದಾಗಿ ಹೊರಬಂದಿತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಹತ್ತಿರವಾದ ನಿದರ್ಶನವಿದೆ. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನು ಕೈಗೊಂಡು ಮನೆಮನೆಯ ಹೆಸರಾಯಿತು. 1984ರಲ್ಲಿ ಸ್ಥಾಪಿತವಾದ ಟೈಟನ್ ಕ್ವಾರ್ಟ್ಜ್ ಗಡಿಯಾರಗಳಿಂದ ಮಾರುಕಟ್ಟೆಯನ್ನು ಗೆದ್ದಿತು. ಆದರೆ ಅದಕ್ಕೆ ಮುಂಚೆಯೇ ಎಚ್.ಎಂ.ಟಿ. ಕ್ವಾರ್ಟ್ಜ್ ಗಡಿಯಾರವನ್ನು ತಯಾರಿಸಿದ್ದಿತೆಂಬುದು ಗಮನಾರ್ಹ. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಇಲ್ಲಿಯೂ ಹೊಸ ವಿದ್ಯೆಯನ್ನು ಮೊದಲು ಕಂಡವರಿಗೆ ಅದರ ಫಲ ದೊರೆಯಲಿಲ್ಲ.

ಇಷ್ಟರಿಂದಲೇ ಒಂದು ನಿಯಮವನ್ನು ಕಟ್ಟಿಬಿಡುವುದು ಸಾಹಸವಾದೀತು. 1993ರಲ್ಲಿ ಸುಮಾರು 800 ಕೋಟಿ ಡಾಲರು ನಷ್ಟ ಅನುಭವಿಸಿದ ಐಬಿಎಂ ಸಂಸ್ಥೆಯನ್ನು ತುಂಡುಮಾಡಬೇಕೆಂಬ ಯೋಜನೆಯಿದ್ದಿತು. ಆ ವರ್ಷ ಬಂದ ಲೂ ಗರ್ಸ್‌ನರ್ ಅದನ್ನು ಕೈಬಿಟ್ಟನು, ಸಂಸ್ಥೆ ಉಳಿಯಿತು. 1997ರಲ್ಲಿ ಪ್ರತಿಸ್ಪರ್ಧಿಯಾದ ಮೈಕ್ರೋಸಾಫ್ಟ್‌ನಿಂದ 15 ಕೋಟಿ ಡಾಲರು ಬಂಡವಾಳ ಪಡೆಯಬೇಕಾದ ಸ್ಥಿತಿಯಲ್ಲಿದ್ದ ಆಪಲ್, 2018ರಲ್ಲಿ ಒಂದು ಲಕ್ಷ ಕೋಟಿ ಡಾಲರು ಮೌಲ್ಯವನ್ನು ಮುಟ್ಟಿತು. ಅಳಿಯುವುವೆಂದು ಜನ ಎಣಿಸಿದವು ಉಳಿದವು. ಒಬ್ಬ ವ್ಯಕ್ತಿಯ ನಿರ್ಧಾರಕ್ಕೂ ಚರಿತ್ರೆಯಲ್ಲಿ ಸ್ಥಾನವುಂಟು. ಅದನ್ನು ಮುಂಚಿತವಾಗಿ ಲೆಕ್ಕಹಾಕಲು ಬಾರದು.

ಆದಕಾರಣ ಯಾವ ತಂತ್ರ ಬರುತ್ತದೆ ಎಂಬ ಪ್ರಶ್ನೆಯನ್ನೂ ಯಾವ ಸಂಸ್ಥೆ ಉಳಿಯುತ್ತದೆ ಎಂಬ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಯುಕ್ತ. ಮೊದಲನೆಯದಕ್ಕೆ ಸರಿಯುತ್ತರ ದೊರೆತರೂ ಎರಡನೆಯದು ಹಾಗೆಯೇ ಉಳಿಯುತ್ತದೆ. ಕೃತಕ ಬುದ್ಧಿಮತ್ತೆಯ ಸಂಸ್ಥೆಗಳ ಬಗೆಗೆ ಇಂದು ಕೇಳಿಬರುವ ಭವಿಷ್ಯವಾಣಿಗಳಲ್ಲಿ ಇವೆರಡೂ ಬೆರೆತುಹೋಗಿವೆ. ಸಂಸ್ಥೆಯ ಹೆಸರನ್ನು ಹಿಡಿದು ಹೇಳುವ ಬದಲು, ಅದರ ಲಾಭ ಎಲ್ಲಿಂದ ಬರುತ್ತದೆ, ಆ ಲಾಭವನ್ನು ಬಿಟ್ಟುಕೊಡುವ ಶಕ್ತಿ ಅದಕ್ಕುಂಟೇ, ಅದರ ವಿದ್ಯೆಗೆ ಮತ್ತೊಂದು ಉಪಯೋಗವುಂಟೇ ಎಂದು ಕೇಳುವುದು ಹೆಚ್ಚು ಫಲಕಾರಿ. ಈ ಪ್ರಶ್ನೆಗಳು ವಿದ್ಯಾರ್ಥಿಗೂ ಅನ್ವಯಿಸುತ್ತವೆ. ದಿವಾಳಿಯ ಕಾಲದಲ್ಲಿ ಕೊಡಕ್‌ನ ನಿವೃತ್ತ ನೌಕರರು ತಮ್ಮ ಆರೋಗ್ಯ ಸೌಲಭ್ಯವನ್ನು ಕಳೆದುಕೊಂಡರು. ಅವರು ನೆಚ್ಚಿದ್ದುದು ಸಂಸ್ಥೆಯ ಹೆಸರನ್ನು. ಕೆಲಸಕ್ಕೆ ಹೊರಡುವ ತರುಣನು ಆ ಹೆಸರು ಎಷ್ಟು ಕಾಲ ಬಾಳೀತೆಂದು ಕೇಳುವುದಕ್ಕಿಂತ, ಅಲ್ಲಿ ತಾನು ಕಲಿಯುವ ವಿದ್ಯೆ ಮತ್ತೊಂದು ಕಡೆಗೂ ಸಂದೀತೇ ಎಂದು ಕೇಳಿಕೊಳ್ಳುವುದು ಮೇಲು.