ಕಾಳಿಯ ನೊರೆಯೂ ಸೂಪಾ ಪೇಟೆಯೂ

ಮೊಮ್ಮಗನ ಒತ್ತಾಯಕ್ಕೆ ಮಣಿದು ಕಳೆದ ಚಳಿಗಾಲದಲ್ಲಿ ಗಣೇಶಗುಡಿಗೆ ಹೋಗಿದ್ದೆ. ಅವನಿಗೆ ಬೆಳಿಗ್ಗೆ ಕಾಳಿ ನದಿಯಲ್ಲಿ ರಾಫ್ಟಿಂಗ್, ಮಧ್ಯಾಹ್ನ ಜೋಯಿಡಾ ಕಡೆಯ ಏರುದಾರಿಯಲ್ಲಿ ಸೈಕಲ್ ಸವಾರಿ. ನನಗೆ ದಡದ ಕಲ್ಲುಬಂಡೆ.

ರಬ್ಬರ್ ದೋಣಿ ಸಿದ್ಧವಿದ್ದರೂ ಮಾರ್ಗದರ್ಶಿ ಹೊರಡಲೊಲ್ಲ. "ಇನ್ನೂ ನೀರು ಬಿಟ್ಟಿಲ್ಲ ಸರ್" ಎಂದ. ಮಳೆಗಾಲ ಕಳೆದ ಮೇಲೆ ಇಲ್ಲಿ ನದಿ ಭೋರ್ಗರೆಯುವುದು ಮೇಲಿನ ಸೂಪಾ ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ. ತಲಾ 50 ಮೆಗಾವಾಟಿನ ಎರಡು ಯಂತ್ರಗಳು ಹೊರಬಿಟ್ಟ ನೀರೇ ಈ ಹುಡುಗರ ಆಟದ ನೊರೆ.

101 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿಂದೆ ಸೂಪಾ ಎಂಬ ಪೇಟೆಯಿತ್ತು. ಕಾಳಿಯೂ ಪಾಂಡರಿಯೂ ಕೂಡುವಲ್ಲಿದ್ದ ತಾಲ್ಲೂಕು ಕೇಂದ್ರ. 1980ರ ದಶಕದಲ್ಲಿ ಅದು ಹಿನ್ನೀರಿನಡಿ ಸೇರಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ಅನೇಕ ಕುಟುಂಬಗಳು ರಾಮನಗರಕ್ಕೆ. ನಾಡಿಗೆ ಬೆಳಕು ಬೇಕಿತ್ತು, ಅದನ್ನು ನಾನು ಅಲ್ಲಗಳೆಯೆನು. ಆದರೆ 1565ರ ವಿಜಯನಗರದ ಪತನಕ್ಕೆ ವರ್ಷವರ್ಷವೂ ಮೂರು ಪಿರಿಯಡ್ ಮೀಸಲಿಟ್ಟ ಈ ಇತಿಹಾಸದ ಮೇಷ್ಟರು ಸೂಪಾಕ್ಕೆ ಒಂದು ವಾಕ್ಯವನ್ನೂ ಕೊಡಲಿಲ್ಲ. ಹಿಂದಿನ ಬೆಂಚಿನಲ್ಲಿ ಆ ಊರಿನ ಹುಡುಗನೊಬ್ಬನಿದ್ದ. "ನಿನ್ನೂರು ಯಾವುದೋ?" ಎಂದಾಗ "ಈಗ ಇಲ್ಲ ಸರ್" ಎಂದಿದ್ದ. ತಲೆಹರಟೆಯೆಂದು ಗದರಿ ಕೂರಿಸಿದ್ದೆ!

ಕೊನೆಗೂ ನೀರು ಬಂತು. ಮೊಮ್ಮಗ ಕೇಕೆ ಹಾಕುತ್ತ ತೇಲಿಹೋದ.

ಸಂಜೆ ಏರು ಹತ್ತಿ ಬೆವೆತವನು ದೂರದ ಹಿನ್ನೀರನ್ನು ಕಂಡು "ಎಷ್ಟು ಚೆಂದ, ಅಜ್ಜ!" ಎಂದ. ಜೀಪಿನಿಂದಿಳಿದು ಅದರಡಿಯ ಊರಿನ ಸಂಗತಿ ಹೇಳತೊಡಗಿದೆ. ಸೈಕಲ್ಲನ್ನು ಮರಕ್ಕೊರಗಿಸಿ ಕುಳಿತ. "ಆ ಹುಡುಗ ಈಗ ಎಲ್ಲಿದ್ದಾನೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.