ಸದರ್ಲೆಂಡಿನ ಪ್ರಭುಮನೆತನ

ದೊಡ್ಡ ಮನೆತನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಂಶಾವಳಿ, ಬಿರುದು, ವಿವಾಹಸಂಬಂಧ, ಔದಾರ್ಯ ಇವುಗಳನ್ನು ವರ್ಣಿಸಿ ಲೇಖನಿಯನ್ನು ಕೆಳಗಿಡುವರು. ಆ ಮನೆತನದ ಭೂಮಿಯನ್ನು ಉತ್ತು ಬಿತ್ತಿ ಗೇಣಿ ಸಲ್ಲಿಸಿದ ಒಕ್ಕಲುಗಳ ಮಾತು ಅಲ್ಲಿ ಬರುವುದು ಅಪೂರ್ವ. ವಿಕ್ಟೋರಿಯಾ ಮಹಾರಾಣಿಯ ಕಾಲದಲ್ಲಿ ಲಂಡನ್ನಿನ ಉನ್ನತ ಸಮಾಜಕ್ಕೆ ತಿಲಕಪ್ರಾಯವಾಗಿದ್ದ ಸ್ಕಾಟ್ಲೆಂಡಿನ ಸದರ್ಲೆಂಡ್ ಮನೆತನದ ವಿಷಯದಲ್ಲಿಯಾದರೋ, ಈ ಎರಡು ಕಥೆಗಳನ್ನೂ ಕೂಡಿಯೇ ಹೇಳದೆ ಗತ್ಯಂತರವಿಲ್ಲ. ಏಕೆಂದರೆ, ಆ ಮನೆಯ ದಿವಾನಖಾನೆಯಲ್ಲಿ ನಡೆದ ಒಂದು ಸತ್ಕಾರ್ಯದ ನಿಮಿತ್ತವಾಗಿಯೇ ಒಕ್ಕಲುಗಳ ಕಥೆಯು ಲೋಕದ ಕಿವಿಗೆ ಬಿದ್ದಿತು.

ಸದರ್ಲೆಂಡ್ ಎಂಬುದು ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಸೀಮೆ. ಬೆಟ್ಟ, ಜವುಗುನೆಲ, ಸರೋವರಗಳೇ ಅಲ್ಲಿ ಬಹಳ. ಉಳುವ ನೆಲವು ನದೀಕಣಿವೆಗಳಲ್ಲಿ ಮಾತ್ರ. ಅಲ್ಲಿಯ ಅರ್ಲ್ ಪದವಿಯು ೧೩ನೆಯ ಶತಮಾನದಷ್ಟು ಹಳೆಯದು. ೧೭೬೬ರಲ್ಲಿ ಆಗಿನ ಅರ್ಲನೂ ಅವನ ಪತ್ನಿಯೂ ಜ್ವರದಿಂದ ಗತಿಸಲು, ಒಂದು ವರ್ಷದ ಹೆಣ್ಣುಕೂಸು ಎಲಿಜಬೆತ್ ಒಬ್ಬಳೇ ಹಕ್ಕುದಾರಳಾಗಿ ಉಳಿದಳು. ಹೆಣ್ಣಿಗೆ ಈ ಪದವಿ ಸಲ್ಲುವುದೇ ಎಂಬ ವ್ಯಾಜ್ಯವು ಪ್ರಭುಗಳ ಸಭೆಯವರೆಗೆ ಹೋಗಿ, ೧೭೭೧ರಲ್ಲಿ ಅವಳ ಪರವಾಗಿ ತೀರ್ಪಾಯಿತು. ೧೭೮೫ರಲ್ಲಿ ಅವಳು ಜಾರ್ಜ್ ಗ್ರಾನ್‌ವಿಲ್ ಲೂಸನ್-ಗೋರ್ ಎಂಬ ಆಂಗ್ಲೇಯ ಶ್ರೀಮಂತನನ್ನು ವರಿಸಿದಳು. ಅವನಿಗೆ ೧೮೦೩ರಲ್ಲಿ ತಂದೆಯ ಆಸ್ತಿಯೂ, ಸೋದರಮಾವನಾದ ಬ್ರಿಜ್‌ವಾಟರ್ ಡ್ಯೂಕನ ಪ್ರಸಿದ್ಧವಾದ ಕಾಲುವೆಯ ಆದಾಯವೂ ಒಟ್ಟಿಗೆ ಬಂದವು. ಹೀಗೆ ಹೆಂಡತಿಯ ಕಡೆಯಿಂದ ನೆಲ, ಗಂಡನ ಕಡೆಯಿಂದ ಹಣ ಕೂಡಿ, ಬ್ರಿಟನ್ನಿನ ಅತ್ಯಂತ ಸಿರಿವಂತ ಮನೆತನಗಳಲ್ಲೊಂದು ಏರ್ಪಟ್ಟಿತು. ೧೮೩೩ರಲ್ಲಿ ಅವನಿಗೆ ಸದರ್ಲೆಂಡಿನ ಡ್ಯೂಕ್ ಎಂಬ ಪದವಿ ದೊರೆಯಿತು. ಅದೇ ವರ್ಷದಲ್ಲಿ ಅವನು ತೀರಿಕೊಂಡನು.

ಇವರ ಕಾಲದಲ್ಲಿಯೇ ಆ ಸೀಮೆಯ ಕಣಿವೆಗಳು ಬರಿದಾದುವು. ಗೇಲಿಕ್ ಭಾಷೆಯನ್ನಾಡುವ ಆ ಜನರು ಕಲ್ಲು ಮತ್ತು ಹುಲ್ಲುಹೆಂಟೆಗಳಿಂದ ಕಟ್ಟಿದ ಮನೆಗಳಲ್ಲಿದ್ದು, ದನಗಳನ್ನು ಸಾಕಿ, ಓಟ್ಸ್ ಆಲೂಗಡ್ಡೆಗಳನ್ನು ಬೆಳೆದು ಜೀವಿಸುತ್ತಿದ್ದರು. ತಲೆತಲಾಂತರದಿಂದ ಇದ್ದವರಾದರೂ ನೆಲದ ಮೇಲೆ ಅವರಿಗೆ ಕಾಯಿದೆಯ ಹಕ್ಕಿರಲಿಲ್ಲ. ನಮ್ಮ ದಕ್ಷಿಣ ಕನ್ನಡದ ಹಿಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಮೂಲಗೇಣಿಯವರಲ್ಲ, ಚಾಲಗೇಣಿಯವರು. ಧಣಿಯು ಏಳು ಎಂದರೆ ಏಳತಕ್ಕವರು. ಆ ಕಾಲದ ಅರ್ಥಶಾಸ್ತ್ರಜ್ಞರ ಮತವೇನೆಂದರೆ, ಒಳನಾಡಿನ ಕಣಿವೆಗಳು ಶೆವಿಯಟ್ ಕುರಿಗಳಿಗೆ ಯೋಗ್ಯವು, ಮನುಷ್ಯರು ಕಡಲತೀರಕ್ಕೆ ಹೋಗಿ ಮೀನು ಹಿಡಿಯತಕ್ಕವರು. ಕುರಿಹುಲ್ಲುಗಾವಲಿಗೆ ಬರುವ ಗೇಣಿಯು ಬಡ ಒಕ್ಕಲುಗಳು ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ಈ ಯೋಜನೆಯಂತೆ ೧೮೦೭ರಿಂದ ೧೮೨೧ರವರೆಗೆ ಹಂತಹಂತವಾಗಿ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿದರು. ಕಿಲ್ಡೋನನ್ ಕಣಿವೆಯ ಕೆಲವರು ೧೮೧೩ರಲ್ಲಿ ಹಡಗು ಹತ್ತಿ ಕೆನಡದ ರೆಡ್ ನದಿಯ ತೀರಕ್ಕೆ ಹೋದರು. ಉಳಿದವರಿಗೆ ಕಡಲತೀರದ ಬಂಡೆನೆಲದಲ್ಲಿ ಒಂದೆರಡು ಎಕರೆಯ ತುಂಡುಗಳು ದೊರೆತವು.

ಇವುಗಳಲ್ಲಿ ಕುಖ್ಯಾತವಾದುದು ೧೮೧೪ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ನಡೆದುದು. ಸಂಸ್ಥಾನದ ಪಾರುಪತ್ಯಗಾರನಾದ ಪ್ಯಾಟ್ರಿಕ್ ಸೆಲ್ಲರನು ಅಲ್ಲಿಯ ಮನೆಗಳನ್ನು ಕೆಡವಿಸಿದನು. ಜನರು ಹಿಂದಿರುಗಿ ಬಂದು ಮತ್ತೆ ಕಟ್ಟಿಕೊಳ್ಳಬಾರದೆಂದು ಮಾಡಿನ ಮರಗಳಿಗೆ ಬೆಂಕಿಯಿಟ್ಟರು. ಮರ ಸುಲಭವಾಗಿ ಸಿಕ್ಕದ ಆ ನಾಡಿನಲ್ಲಿ ತೊಲೆಯನ್ನು ಸುಡುವುದೆಂದರೆ ಮನೆಯನ್ನು ಎರಡು ಸಲ ಕೆಡವಿದಂತೆ. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿಯನ್ನು ಮನೆ ಸುಡುವ ಸಮಯದಲ್ಲಿ ಹೊರಗೆ ಹೊತ್ತು ತಂದರೆಂದೂ, ಅವಳು ಕೆಲವೇ ದಿನಗಳಲ್ಲಿ ಸತ್ತಳೆಂದೂ ದೂರು ಹುಟ್ಟಿತು. ೧೮೧೬ರಲ್ಲಿ ಇನ್‌ವರ್ನೆಸ್ ನಗರದಲ್ಲಿ ಸೆಲ್ಲರನ ವಿಚಾರಣೆಯಾಯಿತು; ಜ್ಯೂರಿಯವರು ಅವನನ್ನು ನಿರ್ದೋಷಿಯೆಂದು ಬಿಟ್ಟರು. ಆದರೆ ಒಂದು ಸಂಗತಿಯನ್ನು ಯಾವ ತೀರ್ಪೂ ಮರೆಮಾಡಲಾರದು: ಹಾಗೆ ತೆರವಾದ ನೆಲವನ್ನು ಕುರಿಗಳಿಗಾಗಿ ಗೇಣಿಗೆ ಹಿಡಿದವನು ಆ ಸೆಲ್ಲರನೇ.

ಪ್ರಭುಗಳ ಪಕ್ಷವನ್ನೂ ಹೇಳುವುದು ನ್ಯಾಯ. ಅವರು ಗೇಣಿಯನ್ನು ಹೆಚ್ಚಿಸಿಕೊಂಡು ಸುಮ್ಮನಿದ್ದವರಲ್ಲ. ರಸ್ತೆ ಸೇತುವೆಗಳಿಗೆ ಅಪಾರವಾಗಿ ವೆಚ್ಚಮಾಡಿದರು. ಹೆಲ್ಮ್ಸ್‌ಡೇಲಿನಲ್ಲಿ ಹೆರಿಂಗ್ ಮೀನಿನ ಉದ್ಯಮಕ್ಕಾಗಿ ಬಂದರನ್ನೂ ಊರನ್ನೂ ಕಟ್ಟಿಸಿದರು. ಸಂಸ್ಥಾನದ ಮುಖ್ಯಾಧಿಕಾರಿಯಾದ ಜೇಮ್ಸ್ ಲಾಕನು ಈ ಸುಧಾರಣೆಗಳನ್ನೆಲ್ಲ ೧೮೨೦ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದನು. ತಾವು ಮಾಡುತ್ತಿರುವುದು ಪ್ರಜೆಗಳ ಹಿತಕ್ಕಾಗಿಯೇ ಎಂದು ಅವರು ಮನಃಪೂರ್ವಕವಾಗಿ ನಂಬಿದ್ದರೆಂಬುದರಲ್ಲಿ ಸಂಶಯವಿಲ್ಲ. ಆದರೆ ಯಾರ ಹಿತಕ್ಕಾಗಿ ಅದು ನಡೆಯಿತೋ ಅವರನ್ನು ಕೇಳಿದವರಿಲ್ಲ. ಗಾಲ್ಸ್ಪಿ ಊರಿನ ಮೇಲಣ ಬೆನ್ ಬ್ರ್ಯಾಗಿ ಬೆಟ್ಟದ ನೆತ್ತಿಯಲ್ಲಿ ೧೮೩೭ರಲ್ಲಿ ಮೊದಲನೆಯ ಡ್ಯೂಕನ ಬೃಹತ್ ವಿಗ್ರಹವು ಪೀಠದೊಡನೆ ಸುಮಾರು ೧೦೦ ಅಡಿ ಎತ್ತರವಾಗಿ ನಿಂತಿತು.

ಆ ೧೮೩೭ರಲ್ಲಿಯೇ ವಿಕ್ಟೋರಿಯಾ ರಾಣಿಯು ಪಟ್ಟವೇರಿದಳು. ಆಗ ಎರಡನೆಯ ಡ್ಯೂಕನ ಪತ್ನಿಯಾದ ಹ್ಯಾರಿಯೆಟ್‌ಳಿಗೆ ‘ಮಿಸ್ಟ್ರೆಸ್ ಆಫ್ ದಿ ರೋಬ್ಸ್’ ಎಂಬ, ಅಂತಃಪುರದ ಸ್ತ್ರೀಯರಲ್ಲಿ ಅಗ್ರಸ್ಥಾನದ ಅಧಿಕಾರವು ದೊರೆಯಿತು. ವ್ಹಿಗ್ ಮತ್ತು ಅವರ ಮಿತ್ರಪಕ್ಷಗಳ ಮಂತ್ರಿಮಂಡಲಗಳು ಬಂದಾಗಲೆಲ್ಲ, ೧೮೬೧ರವರೆಗೆ ನಾಲ್ಕು ಸಲ, ಈಕೆಯೇ ಆ ಪದವಿಯಲ್ಲಿದ್ದಳು. ೧೮೩೯ರಲ್ಲಿ ಸರ್ ರಾಬರ್ಟ್ ಪೀಲರು, ವ್ಹಿಗ್ ಮನೆತನಗಳ ಸ್ತ್ರೀಯರಲ್ಲಿ ಕೆಲವರನ್ನಾದರೂ ಬದಲಾಯಿಸದೆ ತಾವು ಮಂತ್ರಿಮಂಡಲ ರಚಿಸಲಾರೆವೆನ್ನಲು, ಹತ್ತೊಂಬತ್ತು ವರ್ಷದ ರಾಣಿಯು ಒಬ್ಬಳನ್ನೂ ಬಿಡೆನೆಂದು ಹಟ ಹಿಡಿದಳು, ಪೀಲರು ಹಿಂದೆಗೆದರು. ರಾಣಿಯು ಬಿಡಲೊಲ್ಲದ ಆ ಸ್ತ್ರೀಯರಲ್ಲಿ ಹ್ಯಾರಿಯೆಟ್ ಮೊದಲಿಗಳು.

ಈ ದಂಪತಿಗಳ ಲಂಡನ್ ನಿವಾಸಕ್ಕೆ ಸ್ಟ್ಯಾಫರ್ಡ್ ಹೌಸ್ ಎಂದು ಹೆಸರು. ಸೇಂಟ್ ಜೇಮ್ಸ್ ಅರಮನೆಯ ಮಗ್ಗುಲಲ್ಲಿದ್ದ ಆ ಭವನದ ಮಹಾಸೋಪಾನವನ್ನೂ ಚಿತ್ರಶಾಲೆಯನ್ನೂ ನೋಡಿದವರು, ರಾಜಗೃಹವೇ ಇದರ ಮುಂದೆ ಸಪ್ಪೆಯೆನ್ನುತ್ತಿದ್ದರು. ತನ್ನ ಮನೆಯಿಂದ ನಿಮ್ಮ ಅರಮನೆಗೆ ಬಂದಿದ್ದೇನೆಂದು ರಾಣಿಯೇ ಡಚೆಸ್‌ಳೊಡನೆ ವಿನೋದವಾಡಿದಳೆಂಬ ಐತಿಹ್ಯವುಂಟು. ಇದಲ್ಲದೆ ಸ್ಟ್ಯಾಫರ್ಡ್‌ಷೈರಿನ ಟ್ರೆಂಟಮ್, ಥೇಮ್ಸ್ ನದಿಯ ಮೇಲಣ ಕ್ಲೀವ್ಡನ್, ಸದರ್ಲೆಂಡಿನ ಡನ್‌ರಾಬಿನ್ ಕೋಟೆ ಇವೂ ಅವರವೇ. ಪಾರ್ಲಿಮೆಂಟ್ ಭವನದ ಶಿಲ್ಪಿಯಾದ ಚಾರ್ಲ್ಸ್ ಬ್ಯಾರಿಯು ಇವೆಲ್ಲವುಗಳ ಮೇಲೂ ಕೈಯಾಡಿಸಿದ್ದನು. ಹೆಣ್ಣುಮಕ್ಕಳ ವಿವಾಹಗಳೂ ಮನೆಯ ಅಂತಸ್ತಿಗೆ ತಕ್ಕಂತೆ ನಡೆದುವು: ಅಳಿಯಂದಿರಲ್ಲಿ ಒಬ್ಬನು ಆರ್ಗೈಲಿನ ಡ್ಯೂಕ್, ಮುಂದೆ ಲೀನ್‌ಸ್ಟರಿನ ಡ್ಯೂಕ್ ಆದವನು ಒಬ್ಬ, ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್ ಆದವನು ಇನ್ನೊಬ್ಬ. ಆರ್ಗೈಲನು ೧೮೬೮ರಿಂದ ೧೮೭೪ರವರೆಗೆ ಇಂಡಿಯಾ ದೇಶದ ಮಂತ್ರಿಯಾಗಿದ್ದನು. ಅವನ ಮಗನು ೧೮೭೧ರಲ್ಲಿ ರಾಣಿಯ ಮಗಳಾದ ಲೂಯಿಸಳನ್ನೇ ಮದುವೆಯಾದನು.

ಡಚೆಸ್ ಹ್ಯಾರಿಯೆಟ್ ಕೇವಲ ವಿಲಾಸಿನಿಯಲ್ಲ. ಪರದುಃಖಕ್ಕೆ ಕರಗುವ ಹೃದಯವುಳ್ಳವಳು. ೧೮೫೨ರಲ್ಲಿ ಅಮೆರಿಕೆಯ ಹ್ಯಾರಿಯೆಟ್ ಬೀಚರ್ ಸ್ಟೋ ಎಂಬಾಕೆಯ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಮನೆಮನೆಯ ಮಾತಾಯಿತು. ಆ ವರ್ಷದ ನವೆಂಬರಿನಲ್ಲಿ ಡಚೆಸ್‌ಳು ಸ್ಟ್ಯಾಫರ್ಡ್ ಹೌಸಿನಲ್ಲಿ ಕುಲೀನ ಸ್ತ್ರೀಯರ ಸಭೆ ಸೇರಿಸಿ, ಗುಲಾಮಗಿರಿಯನ್ನು ನಿಲ್ಲಿಸಲು ಯತ್ನಿಸಬೇಕೆಂದು ಅಮೆರಿಕೆಯ ಸೋದರಿಯರಿಗೆ ಒಂದು ಮನವಿಯನ್ನು ಸಿದ್ಧಪಡಿಸಿದಳು. ಅದಕ್ಕೆ ೫,೬೨,೦೦೦ಕ್ಕೂ ಮಿಕ್ಕ ಸಹಿಗಳು ಬಂದು, ೨೬ ಸಂಪುಟಗಳಾದುವು. ೧೮೫೩ರ ಮೇ ತಿಂಗಳಲ್ಲಿ ಸ್ಟೋ ಲಂಡನ್ನಿಗೆ ಬಂದಾಗ, ಅದೇ ಭವನದಲ್ಲಿ ಅವಳಿಗೆ ಸತ್ಕಾರ ನಡೆಯಿತು; ಗುಲಾಮರ ಸಂಕೋಲೆಯ ಆಕಾರದ ಚಿನ್ನದ ಕೈಬಳೆಯೊಂದನ್ನು ಡಚೆಸ್‌ಳು ಅವಳಿಗೆ ಕೊಟ್ಟಳು.

ಈ ಕೀರ್ತಿಯೇ ಹಳೆಯ ಬೂದಿಯನ್ನು ಕೆದಕಿತು. ಗುಲಾಮರ ಒಡೆಯರ ಪಕ್ಷದ ಪತ್ರಿಕೆಗಳು, ಸ್ವಂತ ಒಕ್ಕಲುಗಳನ್ನು ಓಡಿಸಿದವರಿಗೆ ಉಪದೇಶದ ಅಧಿಕಾರವೆಲ್ಲಿಯದೆಂದು ಕೇಳಿದುವು. ಗುಲಾಮಗಿರಿಯ ವೈರಿಯೇ ಆಗಿದ್ದ ಕಾರ್ಲ್ ಮಾರ್ಕ್ಸನೂ ೧೮೫೩ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಈ ಮನೆತನದ ಸಂಪತ್ತಿನ ಮೂಲವನ್ನು ಬಿಚ್ಚಿಟ್ಟನು. ಸ್ಟೋ ೧೮೫೪ರ ತನ್ನ ಪ್ರವಾಸಗ್ರಂಥದಲ್ಲಿ ಆತಿಥೇಯರ ಪರವಾಗಿ ವಾದಿಸಿದಳು. ಅದಕ್ಕೆ ಆಧಾರವು ಲಾಕನ ಕಡೆಯ ಬರವಣಿಗೆ. ಇದಕ್ಕೆ ಉತ್ತರ ಕೊಟ್ಟವನು ಡೊನಾಲ್ಡ್ ಮೆಕ್ಲೌಡ್ ಎಂಬ ಕಲ್ಲುಕುಟಿಗ. ಸ್ಟ್ರಾತ್‌ನೇವರಿನಲ್ಲಿ ಹುಟ್ಟಿ, ಮನೆಗಳು ಉರಿದುದನ್ನು ಕಣ್ಣಾರೆ ಕಂಡು, ೧೮೪೦ರಷ್ಟು ಹಿಂದೆಯೇ ಎಡಿನ್‌ಬರೊ ಪತ್ರಿಕೆಗೆ ಬರೆದವನು ಅವನು. ಸ್ಟೋಳ ಗ್ರಂಥದ ಹೆಸರು ‘ಬಿಸಿಲ ನೆನಪುಗಳು’ ಎಂಬರ್ಥದ್ದಾದರೆ, ಕೆನಡಕ್ಕೆ ವಲಸೆ ಹೋದ ಇವನು ೧೮೫೭ರಲ್ಲಿ ‘ಕತ್ತಲ ನೆನಪುಗಳು’ ಎಂಬರ್ಥದ ಗ್ರಂಥವನ್ನು ಪ್ರಕಟಿಸಿದನು. ಒಬ್ಬ ಕಲ್ಲುಕುಟಿಗನ ಸಾಕ್ಷ್ಯವು ಒಬ್ಬ ಮಹಾಲೇಖಕಿಯ ಪ್ರಶಂಸೆಯನ್ನು ಮೀರಿ ಬಾಳಿತು.

ಹಾಗಾದರೆ ಡಚೆಸ್‌ಳು ಕಪಟಿಯೇ? ಆ ಮಾತು ಸಲ್ಲದು. ಅವಳು ಹುಟ್ಟಿದುದು ೧೮೦೬ರಲ್ಲಿ. ಸ್ಟ್ರಾತ್‌ನೇವರಿನ ಮನೆಗಳು ಉರಿದಾಗ ಎಂಟು ವರ್ಷದ ಬಾಲೆ, ಬೇರೊಂದು ಮನೆತನದ ಮಗಳು. ಗುಲಾಮಗಿರಿಯನ್ನು ಅವಳು ದ್ವೇಷಿಸಿದುದು ನಿಜ. ಗುಲಾಮಗಿರಿಯೂ ಒಕ್ಕಲೆಬ್ಬಿಸುವುದೂ ಒಂದೇ ಅಲ್ಲವೆಂಬುದೂ ನಿಜ. ಆದರೆ ಅತ್ತೆಮಾವಂದಿರು ಬಿಟ್ಟುಹೋದ ಆಸ್ತಿಯೊಡನೆ ಅದರ ಋಣವೂ ಬರುವುದೆಂಬುದನ್ನು ಅವಳು ಕಾಣಲಿಲ್ಲ. ಸಾಗರದಾಚೆಯ ಕಣ್ಣೀರು ಕಂಡ ಕಣ್ಣಿಗೆ, ಸ್ವಂತ ಕಡಲತೀರದಲ್ಲಿ ಎರಡೆಕರೆಯ ಬಂಡೆಯ ಮೇಲೆ ಬದುಕುವವರ ಕಷ್ಟವು ಹಳೆಯ ಮಾತಾಗಿ ತೋರಿತು.

ಒಕ್ಕಲುಗಳು ಮರೆತಿರಲಿಲ್ಲ. ೧೭೯೯ರಲ್ಲಿ ಆ ಸೀಮೆಯ ಮನೆಮನೆಯಿಂದ ತರುಣರನ್ನು ಕೂಡಿಸಿ ಕಟ್ಟಿದ ೯೩ನೆಯ ಹೈಲೆಂಡರ್ ದಳವು ೧೮೫೪ರಲ್ಲಿ ಬಲಕ್ಲಾವದಲ್ಲಿ ರಷ್ಯದ ಕುದುರೆಪಡೆಯನ್ನು ತಡೆದು ನಿಂತಿತು. ೧೮೫೭ರಲ್ಲಿ ಲಖನೌ ನಗರದ ಸಿಕಂದರ್ ಬಾಗಿನ ಘೋರಕದನದಲ್ಲಿಯೂ ಇದ್ದಿತು. ಆದರೆ ಕ್ರಿಮಿಯ ಯುದ್ಧಕ್ಕೆ ಡ್ಯೂಕನು ಆಳು ಕೇಳಿದಾಗ, ಜನರು ಮುಂದೆ ಬರದೆ, ನಿಮ್ಮ ಕುರಿಗಳನ್ನೇ ಕಳುಹಿರಿ ಎಂದರೆಂಬ ಮಾತು ಅಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಮೂರನೆಯ ಡ್ಯೂಕನು ೧೮೬೧ರಲ್ಲಿ ಪಟ್ಟಕ್ಕೆ ಬಂದನು. ೧೮೬೪ರಲ್ಲಿ ಇಟಲಿಯ ವೀರ ಗ್ಯಾರಿಬಾಲ್ಡಿಯು ಲಂಡನ್ನಿನಲ್ಲಿ ಇವನ ಅತಿಥಿಯಾಗಿದ್ದನು. ೧೮೭೫-೭೬ರಲ್ಲಿ ಯುವರಾಜನೊಡನೆ ಇವನು ಇಂಡಿಯಾ ದೇಶದಲ್ಲಿ ಸಂಚರಿಸಿದನು. ಸ್ವಂತ ಹಣದಿಂದ ರೈಲುಹಾದಿ ಹಾಕಿಸಿದನು. ಉಗಿನೇಗಿಲಿನಿಂದ ಜವುಗುನೆಲವನ್ನು ಹಸನುಮಾಡಲು ಅಪಾರ ಧನವನ್ನು ಸುರಿದನು. ತಾತನ ಕಾಲದಲ್ಲಿ ಮನುಷ್ಯರು ಹಸನುಮಾಡಿದ್ದ ನೆಲವನ್ನು ಕುರಿಗೆ ಬಿಟ್ಟು, ಮೊಮ್ಮಗನು ಬಂಜರಿನಲ್ಲಿ ಹೊಸ ಹೊಲವನ್ನು ಹುಡುಕಿದುದು ವಿಧಿಯ ವಿನೋದ! ೧೮೭೦ರ ದಶಕದ ಸರಕಾರೀ ಪಟ್ಟಿಯಂತೆ ಅವನ ಭೂಮಿಯು ೧೩ ಲಕ್ಷ ಎಕರೆಗೂ ಮಿಕ್ಕದ್ದು. ಬ್ರಿಟನ್ನಿನಲ್ಲಿ ಅಷ್ಟು ನೆಲವುಳ್ಳ ಖಾಸಗಿ ಮಾಲೀಕನು ಇನ್ನೊಬ್ಬನಿರಲಿಲ್ಲ. ಮೊದಲ ಹೆಂಡತಿ ೧೮೮೮ರಲ್ಲಿ ತೀರಿಕೊಂಡ ನಾಲ್ಕೇ ತಿಂಗಳಲ್ಲಿ ಅವನು ಮರುಮದುವೆಯಾದುದು, ಅವನ ಮರಣಾನಂತರ ಮರಣಶಾಸನದ ವ್ಯಾಜ್ಯದಲ್ಲಿ ಒಂದು ಕಾಗದವನ್ನು ಸುಟ್ಟುದಕ್ಕಾಗಿ ಆ ಎರಡನೆಯ ಡಚೆಸ್‌ಳು ೧೮೯೩ರಲ್ಲಿ ಆರು ವಾರ ಸೆರೆವಾಸ ಅನುಭವಿಸಿದುದು, ಇವು ಆ ಕಾಲದ ಲಂಡನ್ನಿನ ಬಾಯಿಗೆ ತುತ್ತಾದ ಸಂಗತಿಗಳು.

ಅಷ್ಟರಲ್ಲಿ ಕಾಲವು ಮಗುಚಿತ್ತು. ಹೈಲೆಂಡಿನ ಒಕ್ಕಲುಗಳ ಸ್ಥಿತಿಯನ್ನು ವಿಚಾರಿಸಲು ೧೮೮೩ರಲ್ಲಿ ರಾಜಾಜ್ಞೆಯಿಂದ ಒಂದು ಆಯೋಗವು ಏರ್ಪಟ್ಟಿತು. ಅದರ ಅಧ್ಯಕ್ಷರಾದ ಲಾರ್ಡ್ ನೇಪಿಯರರು ನಮಗೆ ಅಪರಿಚಿತರಲ್ಲ. ೧೮೬೬ರಿಂದ ೧೮೭೨ರವರೆಗೆ ಮದರಾಸಿನ ಗವರ್ನರರಾಗಿದ್ದು, ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಬಳ್ಳಾರಿಗಳನ್ನೂ ಆಳಿದವರು. ರೈತನ ಹೆಸರಿನಲ್ಲಿಯೇ ಪಟ್ಟೆ ನಡೆಯುವ ರೈತವಾರಿ ಪದ್ಧತಿಯನ್ನು ಕಂಡಿದ್ದ ಅವರು, ತಮ್ಮ ದೇಶದ ಒಕ್ಕಲಿಗನಿಗೆ ಆ ಆಸರೆ ಇಲ್ಲದುದನ್ನು ಕಣ್ಣಾರೆ ಕಂಡರು. ಸದರ್ಲೆಂಡಿನ ಬೆಟ್ಟಿಹಿಲ್ ಎಂಬಲ್ಲಿ ಆಯೋಗವು ಕುಳಿತಾಗ, ಎಳೆವಯಸ್ಸಿನಲ್ಲಿ ಕಂಡ ಬೆಂಕಿಯನ್ನು ಹಣ್ಣುಮುದುಕರು ಬಂದು ಹೇಳಿದರು. ೧೮೮೪ರ ವರದಿಯನ್ನು ಖಂಡಿಸಿ ಬರೆದವರಲ್ಲಿ ಸ್ಟ್ಯಾಫರ್ಡ್ ಹೌಸಿನ ಅಳಿಯನಾದ ಆರ್ಗೈಲ್ ಡ್ಯೂಕನೇ ಮುಂದಾಳು. ನೇಪಿಯರರು ಅದಕ್ಕೆ ಉತ್ತರವಿತ್ತರು. ೧೮೮೬ರ ಕಾಯಿದೆಯು, ಗೇಣಿ ಸಲ್ಲಿಸುವವರೆಗೆ ಒಕ್ಕಲನ್ನು ಎಬ್ಬಿಸಬಾರದೆಂದೂ, ನ್ಯಾಯವಾದ ಗೇಣಿಯನ್ನು ಮಂಡಲಿಯೊಂದು ಗೊತ್ತುಮಾಡಬೇಕೆಂದೂ, ಒಕ್ಕಲುತನವನ್ನು ಮನೆಯವರಿಗೆ ಬಿಟ್ಟುಹೋಗಬಹುದೆಂದೂ ವಿಧಿಸಿತು. ಕಳೆದುಹೋದ ಕಣಿವೆಗಳನ್ನು ಮಾತ್ರ ಅದು ಹಿಂದಕ್ಕೆ ಕೊಡಿಸಲಿಲ್ಲ.

ಆ ವೈಭವವು ಈಗ ಚದರಿಹೋಗಿದೆ. ಕ್ಲೀವ್ಡನ್ ಅನ್ಯರ ಪಾಲಾಯಿತು. ಟ್ರೆಂಟಮ್ ಭವನದ ಬಹುಭಾಗವನ್ನು ೧೯೧೧-೧೨ರಲ್ಲಿ ಕೆಡವಿದರು. ಸ್ಟ್ಯಾಫರ್ಡ್ ಹೌಸನ್ನು ೧೯೧೨ರಲ್ಲಿ ಸಾಬೂನಿನ ವರ್ತಕನೊಬ್ಬನು ಕೊಂಡು, ಲಾಂಕಾಸ್ಟರ್ ಹೌಸ್ ಎಂಬ ಹೆಸರಿನಲ್ಲಿ ರಾಷ್ಟ್ರಕ್ಕೆ ಅರ್ಪಿಸಿದನು. ಜಿಂಬಾಬ್ವೆಯ ಸ್ವಾತಂತ್ರ್ಯದ ಒಪ್ಪಂದವು ೧೯೭೯ರಲ್ಲಿ ನಡೆದುದು ಅಲ್ಲಿಯೇ. ೧೯೬೩ರಲ್ಲಿ ಐದನೆಯ ಡ್ಯೂಕನು ಮಕ್ಕಳಿಲ್ಲದೆ ಗತಿಸಲು, ಡ್ಯೂಕ್ ಪದವಿಯು ದೂರದ ದಾಯಾದಿಗೂ, ಹಳೆಯ ಅರ್ಲ್ ಪದವಿಯು ಸೋದರನ ಮಗಳಿಗೂ ಹೋಗಿ, ಒಂದು ಹೆಣ್ಣಿನ ಮದುವೆಯಿಂದ ಕೂಡಿದ್ದುದು ಬೇರೆಯಾಯಿತು. ಡನ್‌ರಾಬಿನ್ ಕೋಟೆಯನ್ನು ಪ್ರವಾಸಿಗಳು ನೋಡಿ ಹೋಗುವರು. ಬೆಟ್ಟದ ಮೇಲಿನ ಡ್ಯೂಕನ ವಿಗ್ರಹವನ್ನು ಇಳಿಸಬೇಕೆಂಬ ಮಾತು ಹಲವು ಸಲ ಬಂದರೂ ಅದು ಅಲ್ಲಿಯೇ ನಿಂತಿದೆ. ೨೦೦೭ರಲ್ಲಿ ಹೆಲ್ಮ್ಸ್‌ಡೇಲಿನಲ್ಲಿ ಇನ್ನೊಂದು ಶಿಲ್ಪವನ್ನು ನಿಲ್ಲಿಸಿದರು: ಮನೆಬಿಟ್ಟು ಹೊರಟ ಒಂದು ಬಡ ಸಂಸಾರ, ತಾಯಿ ಮಾತ್ರ ಕಣಿವೆಯ ಕಡೆಗೆ ತಿರುಗಿ ನೋಡುತ್ತಿರುವಳು. ಈ ಮನೆತನದ ಚರಿತ್ರೆಯನ್ನು ಬಲ್ಲೆನೆನ್ನುವವನು ಎರಡು ವಿಗ್ರಹಗಳನ್ನೂ ನೋಡಿ ಬರತಕ್ಕದ್ದು.